ಒಂದೇ ಮೊಳೆಗೆ ಎರಡು ಬೀಗದ ಕೈ

ಅಪರಾಧಶಾಸ್ತ್ರವೆಂದರೆ ಮುಖ ನೋಡಿ ಅಪರಾಧಿಯ ಗುರುತು ಹಿಡಿಯುವ ವಿದ್ಯೆಯೆಂದೇ ನಮ್ಮ ಸೀಮೆಯ ಜನ ನಂಬಿಕೊಂಡಿದ್ದ ಕಾಲದಲ್ಲಿ, ಮುಖವನ್ನು ಬಿಡಿ, ಬಾಗಿಲನ್ನು ನೋಡಿ ಎಂದು ಮೂವತ್ತು ವರ್ಷ ಒಂದೇ ಸಮನೆ ಹೇಳುತ್ತ ಬಂದವರು ಪ್ರೊಫೆಸರ್ ವೆಂಕಟರತ್ನಮ್ಮನವರು. ಈ ಶಾಸ್ತ್ರದಲ್ಲಿ ದೊಡ್ಡ ಗ್ರಂಥಗಳನ್ನು ಬರೆದ ವಿದ್ವಾಂಸರು ನಾಡಿನಲ್ಲಿದ್ದಾರೆ, ಅವರೆಲ್ಲರಿಗೂ ನಮಸ್ಕಾರ. ಆದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಂಬ ನಾಲ್ಕು ಊರುಗಳ ಬಸ್ ನಿಲ್ದಾಣ, ರೇಷ್ಮೆಗೂಡಿನ ಮಾರುಕಟ್ಟೆ, ಲಾಡ್ಜು, ಕಲ್ಲುಕ್ವಾರಿಗಳನ್ನೇ ಗ್ರಂಥವೆಂದು ಓದಿ, ಭಯೋತ್ಪಾದನೆಯಂಥ ಎದೆನಡುಗಿಸುವ ಮಾತನ್ನೂ ಬೀಗ, ಕಿಟಕಿ, ಬಾಡಿಗೆ ಕೋಣೆ ಎಂಬ ಮನೆಮಾತಿಗೆ ಇಳಿಸಿ ಪಾಠ ಹೇಳಿದವರು ಇವರೊಬ್ಬರೇ. ಹೇಳಿದ್ದನ್ನು ಎಷ್ಟು ಜನ ಕಿವಿಗೆ ಹಾಕಿಕೊಂಡರು ಎಂಬುದು ಬೇರೆ ವಿಷಯ. ಕೇಳುವವರಿಲ್ಲವೆಂಬ ಬೇಸರ ಅವರ ಮುಖದ ಮೇಲೆ ಕನ್ನಡಕದಷ್ಟೇ ಕಾಯಮ್ಮಾಗಿ ಕೂತುಬಿಟ್ಟಿದೆ. ಈ ಜೂನ್ ಮೂವತ್ತಕ್ಕೆ ನಿವೃತ್ತರಾಗುತ್ತಿರುವ ಅವರನ್ನು ಅಭಿನಂದಿಸಹೊರಟಾಗ ಆ ಬೇಸರವನ್ನು ಬಿಟ್ಟು ಬರೆದರೆ, ಉತ್ಸವಮೂರ್ತಿಯನ್ನು ಹೊತ್ತು ಮೂಲವಿಗ್ರಹವನ್ನು ಮರೆತಂತಾದೀತು.

ಅವರು ಹುಟ್ಟಿದ್ದು ನಂದಿಯಲ್ಲಿ. ತಂದೆ ಬಯ್ಯಪ್ಪನವರಿಗೆ ಬೆಟ್ಟದ ಕೆಳಗೆ ದ್ರಾಕ್ಷಿತೋಟ. ಒಂದು ವರ್ಷ ಹಣ್ಣು ಮಾಗುವ ಹೊತ್ತಿಗೆ ಕಳುವು ಶುರುವಾಯಿತು. ಬಯ್ಯಪ್ಪನವರು ಕೂಲಿಯವರನ್ನು ಬೈದರು, ಪಕ್ಕದ ತೋಟದವರನ್ನು ಬೈದರು, ರೈಲಿಳಿದು ಬಂದ ಪರದೇಶಿಗಳನ್ನೆಲ್ಲ ತಡೆದು ಚೀಲ ಬಿಚ್ಚಿಸಿದರು. ಹನ್ನೊಂದು ವರ್ಷದ ಮಗಳು ಬೇಲಿಯ ಸುತ್ತ ಒಂದು ಸುತ್ತು ಹಾಕಿ ಬಂದು, "ಅಪ್ಪಾ, ಬೇಲೀಲಿ ಒಂದೇ ಸಂದಿರೋದು. ಅದು ನೀನು ಭೋಗನಂದೀಶ್ವರನ ಗುಡಿಗೆ ಬೇಗ ಹೋಗಕ್ಕೆ ಅಂತ ಮಾಡ್ಕೊಂಡಿರೋದು" ಎಂದಳಂತೆ. ಮರುದಿನ ತಂದೆ ಸಂದಿಗೆ ಕಾರೆಮುಳ್ಳು ಜಡಿದು, ಸುತ್ತುಬಳಸಿನ ದಾರಿಯಲ್ಲಿ ಗುಡಿಗೆ ಹೋದರು. ಕಳುವು ನಿಂತಿತು. ಮುಂದೆ ಧಾರವಾಡದಲ್ಲಿ ಎರಡು ವರ್ಷ ಓದಿ ಕಲಿತದ್ದೆಲ್ಲ ಆ ಸಂದಿಯ ವ್ಯಾಖ್ಯಾನವೇ ಎಂದು ವೆಂಕಟರತ್ನಮ್ಮನವರು ಎಷ್ಟೋ ಸಲ ಹೇಳಿದ್ದುಂಟು.

೧೯೭೯ರಲ್ಲಿ ಅವರು ಚಿಕ್ಕಬಳ್ಳಾಪುರದ ನಮ್ಮ ಕಾಲೇಜಿಗೆ ಬಂದಾಗ ಅಪರಾಧಶಾಸ್ತ್ರವೆಂಬ ಐಚ್ಛಿಕ ವಿಷಯಕ್ಕೆ ಸೇರಿದ್ದವರು ಏಳು ಜನ. ಐವರು ಸಬ್ ಇನ್ಸ್‌ಪೆಕ್ಟರ್ ಆಗುವ ಆಸೆಯಿಂದ ಬಂದವರು, ಇಬ್ಬರು ಬೇರೆಲ್ಲೂ ಸೀಟು ಸಿಗದೆ ಬಂದವರು. ಏಳೂ ಜನರನ್ನು ಅವರು ಬಸ್ಸು ಹತ್ತಿಸಿಕೊಂಡು ಗೌರಿಬಿದನೂರಿಗೆ ಹೋದರು. ಅಲ್ಲಿ ನಿಲ್ದಾಣದ ಹಿಂದೆ ವಾರಕ್ಕೆರಡರಂತೆ ಸೈಕಲ್ಲುಗಳು ಮಾಯವಾಗುತ್ತಿದ್ದವು. ಹೂವು ಕಟ್ಟುವ ಹೆಂಗಸರು ಕೂರುವ ಜಾಗದ ಎದುರಿಗೆ ಸೈಕಲ್ ಸ್ಟ್ಯಾಂಡನ್ನು ಬದಲಾಯಿಸಿರೆಂದು ಅರ್ಜಿ ಕೊಟ್ಟು, ಆರು ತಿಂಗಳು ಬೆನ್ನುಬಿದ್ದು ಬದಲಾಯಿಸಿಯೂಬಿಟ್ಟರು. ಕಳುವು ನಿಂತರೂ ಕಳ್ಳ ಸಿಕ್ಕಲಿಲ್ಲವೆಂದು ಪೊಲೀಸ್ ಇಲಾಖೆಯ ಮೇಲಿನವರು ಅಸಮಾಧಾನಪಟ್ಟದ್ದನ್ನು ಅವರು ಇಂದಿಗೂ ನೆನೆದು ಹಣೆ ಚಚ್ಚಿಕೊಳ್ಳುತ್ತಾರೆ. ಚಿಂತಾಮಣಿಯ ಸಂಘಮಿತ್ರ ಎಂಬ ವಿದ್ಯಾರ್ಥಿನಿಯ ತಂದೆ, ಹೆಣ್ಣುಮಗಳಿಗೆ ಕಳ್ಳರ ವಿಷಯದ ಓದು ಬೇಡವೆಂದು ಕಾಲೇಜು ಬಿಡಿಸಿದಾಗ, ನಾಲ್ಕು ಭಾನುವಾರ ಬಸ್ಸಿನಲ್ಲಿ ಹೋಗಿ ಆ ಮನೆಯಲ್ಲಿ ಮುದ್ದೆಯುಂಡು, ಓದಿನ ಮಾತನ್ನೇ ಎತ್ತದೆ ವಾಪಸಾದರು. ಐದನೆಯ ಭಾನುವಾರ ತಂದೆಯೇ ಮಗಳನ್ನು ಕರೆತಂದು ಬಿಟ್ಟರು. ಇಂದು ಆಕೆ ಕಾರಾಗೃಹ ಇಲಾಖೆಯಲ್ಲಿ ಅಧಿಕಾರಿ.

ಅವರ ಪಾಠದ ಕ್ರಮವನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಬೇಕು, ಏಕೆಂದರೆ ಮುಂದೆ ಬಂದ ಅನಾಹುತಕ್ಕೆಲ್ಲ ಅದೇ ಮೂಲ. ಕಾಗದದ ನಡುವೆ ಒಂದು ಗೆರೆ. ಗೆರೆಯ ಎಡಕ್ಕೆ, ಕೇಡು ಮಾಡಹೊರಟವನು ಇಡಬೇಕಾದ ಹೆಜ್ಜೆಗಳು, ಒಂದಾದ ಮೇಲೊಂದು. ಬಲಕ್ಕೆ, ಆ ಹೆಜ್ಜೆಯನ್ನು ತಡೆಯುವ ಉಪಾಯ. ಎಡಭಾಗವನ್ನು ಕಡ್ಡಾಯವಾಗಿ "ನಾನು" ಎಂದೇ ಬರೆಯಬೇಕು. "ಅವನು ಅಂತ ಬರೆದ್ರೆ ನಿಮಗೆ ದೂರದೋನು ಕಾಣಿಸ್ತಾನೆ. ನಾನು ಅಂತ ಬರೀರಿ, ಆಗ ನಿಮ್ಮೂರಿನ ಬಾಗಿಲುಗಳು ಕಾಣಿಸ್ತವೆ" ಎಂಬುದು ಅವರ ಮಾತು.

೨೦೦೫ರಲ್ಲಿ ಶಿಡ್ಲಘಟ್ಟದ ರೇಷ್ಮೆನೂಲು ಬಿಚ್ಚುವವರ ಮನೆಯ ನಯಾಜ್ ಪಾಷ ಎಂಬ ಅಂತಿಮ ವರ್ಷದ ವಿದ್ಯಾರ್ಥಿ, ಸ್ಫೋಟಕಗಳ ಬಗ್ಗೆ ಅಂಥದೊಂದು ಅಭ್ಯಾಸ ಬರೆದುಕೊಟ್ಟ. ಕಳವಾರದ ಬಳಿಯ ಕ್ವಾರಿಯೊಂದರಲ್ಲಿ ಬಂಡೆ ಸಿಡಿಸುವ ಜಿಲೆಟಿನ್ ಕಡ್ಡಿಗಳನ್ನಿಡುವ ಕಲ್ಲಿನ ಮದ್ದಿನಮನೆಯಿದೆ. ಅದಕ್ಕೆ ಎರಡು ಬೀಗ, ಒಂದೊಂದರ ಕೈ ಒಬ್ಬೊಬ್ಬರ ಬಳಿ ಇರಬೇಕೆಂದು ನಿಯಮ. ಆದರೆ ಇಬ್ಬರೂ ತಮ್ಮ ತಮ್ಮ ಕೈಯನ್ನು ಕ್ವಾರಿಯ ಅಂಚಿನ ಗಂಗಮ್ಮನ ಗುಡಿಯಲ್ಲಿ, ದೇವಿಯ ಪಕ್ಕದ ಒಂದೇ ಮೊಳೆಗೆ ತೂಗುಹಾಕುತ್ತಿದ್ದರು. ಇದನ್ನು ಕಣ್ಣಾರೆ ಕಂಡು ಬಂದು, "ನಾನು ಗುಡಿಗೆ ಹೋಗಿ ಕೈ ಮುಗಿದು ಬೀಗದ ಕೈ ತೆಗೆದುಕೊಳ್ಳುತ್ತೇನೆ" ಎಂದು ಹುಡುಗ ಬರೆದಿದ್ದ. ಬಲಭಾಗದ ಉಪಾಯಗಳು ಮೂರಕ್ಕೇ ನಿಂತು, ಈ ನಾಲ್ಕನೆಯ ಹೆಜ್ಜೆಯ ಎದುರು ಖಾಲಿಯಿತ್ತು. ವೆಂಕಟರತ್ನಮ್ಮನವರು ಕೆಂಪು ಶಾಯಿಯಲ್ಲಿ "ಬಹಳ ಚೆನ್ನಾಗಿದೆ. ನಾಲ್ಕನೆಯ ಹೆಜ್ಜೆಗೆ ಇನ್ನೂ ವಿವರ ಬೇಕು" ಎಂದು ಬರೆದು, ಇಪ್ಪತ್ತಕ್ಕೆ ಹನ್ನೆರಡು ಕೊಟ್ಟರು. ಅಷ್ಟಕ್ಕೇ ಬಿಡದೆ, ಬೀಗದ ಕೈಗಳ ಜಾಗ ಬದಲಾಯಿಸಿರೆಂದು ಕ್ವಾರಿಗೆ ಒಂದು ಪತ್ರ ಬರೆದರು. ವಿದ್ಯಾರ್ಥಿಯ ಶ್ರಮವನ್ನು ತಮ್ಮದೆಂದು ಹೇಳಿಕೊಳ್ಳುವ ಚಾಳಿ ಅವರಿಗೆ ಎಂದೂ ಇರಲಿಲ್ಲ. ಆದ್ದರಿಂದ "ನಮ್ಮ ವಿದ್ಯಾರ್ಥಿ ನಯಾಜ್ ಪಾಷ ಗಮನಿಸಿರುವಂತೆ" ಎಂದು ಹೆಸರು ಹಾಕಿಯೇ ಬರೆದರು. ಉತ್ತರ ಬರಲಿಲ್ಲ.

ಮುಂದಿನದು ೨೦೦೮. ನಮ್ಮದು ಪ್ರತ್ಯೇಕ ಜಿಲ್ಲೆಯಾಗಿ ವರ್ಷ ತುಂಬುವ ಹೊತ್ತು. ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಬಾಂಬುಗಳು ಸಿಡಿದ ಮೇಲೆ, ಮೂವತ್ತು ವರ್ಷ ಯಾರೂ ಕೇಳದಿದ್ದ ವೆಂಕಟರತ್ನಮ್ಮನವರಿಗೆ ಎಲ್ಲಿಲ್ಲದ ಬೇಡಿಕೆ ಬಂತು. ನಾಲ್ಕೂ ಊರುಗಳಲ್ಲಿ ಅಂಗಡಿಯವರು, ಲಾಡ್ಜಿನವರು, ಕಂಡಕ್ಟರುಗಳಿಗೆ ಅವರಿಂದ ಉಪನ್ಯಾಸ. ಚಿಂತಾಮಣಿಯ ಸಭೆಯಲ್ಲಿ ಲಾಡ್ಜಿನ ಯಜಮಾನರೊಬ್ಬರು ಎದ್ದು ನಿಂತರು.

"ಮೇಡಂ, ಅಂಥೋನು ಬಂದ್ರೆ ನೋಡಿದ್ ತಕ್ಷಣ ಗೊತ್ತಾಗೋ ಹಂಗೆ ಏನಾದ್ರೂ ಗುರುತು ಹೇಳ್ಬಿಡಿ. ಗಡ್ಡ, ಬಟ್ಟೆ, ಇಂಥದ್ದು."

"ನಿಮ್ ಲಾಡ್ಜಲ್ಲಿ ಇಳಿಯೋರ ಹೆಸ್ರು ಬರ್ಕೊತೀರೇನಪ್ಪ?"

"ಬರ್ಕೊತೀವಿ ಮೇಡಂ. ಎಲ್ರೂ ರಾಜು ಅಂತಾನೇ ಬರೀತಾರೆ."

"ಯಾಕೆ?"

"ಜೋಡಿ ಬರ್ತಾರಲ್ಲ ಮೇಡಂ... ನಾವು ಜಾಸ್ತಿ ಕೇಳಕ್ಕೋಗಲ್ಲ."

ಸಭೆ ನಕ್ಕಿತು. ವೆಂಕಟರತ್ನಮ್ಮನವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಅವರು ಕನ್ನಡಕ ಒರೆಸಿದರೆ ಹುಷಾರಾಗಿರಬೇಕೆಂದು ನಮ್ಮ ಕಾಲೇಜಿನಲ್ಲಿ ಎಲ್ಲರಿಗೂ ಗೊತ್ತು.

"ನಿಮ್ ಪುಸ್ತಕದಲ್ಲಿ ವರ್ಷಕ್ಕೆ ಮುನ್ನೂರು ಜನ ರಾಜು ಇದಾರೆ. ಮುನ್ನೂರಾ ಒಂದನೇಯೋನಿಗೆ ನೀವೇ ಹಾಸಿಗೆ ಹಾಸಿ ಇಟ್ಟಿದೀರಿ. ಅವನ ಗಡ್ಡ ಕಟ್ಕೊಂಡು ನಂಗೇನಪ್ಪ?"

ಯಜಮಾನರು ಕೂತರು. ಹಿಂದಿನ ಸಾಲಿನಲ್ಲಿ ಇನ್ನೊಬ್ಬರು ಎದ್ದು, "ಆದ್ರೂ ಮೇಡಂ, ಗಡ್ಡದ್ದು ಸ್ವಲ್ಪ ಹೇಳಿ" ಎಂದರು.

ಆಗಸ್ಟಿನ ಒಂದು ಸೋಮವಾರ ಕಳವಾರದ ಆ ಕ್ವಾರಿಯ ಮದ್ದಿನಮನೆಯಲ್ಲಿ ಒಂದು ಪೆಟ್ಟಿಗೆ ಕಾಣಿಸದೆ ಹೋಯಿತು. ಬೀಗ ಒಡೆದಿರಲಿಲ್ಲ. ಹೊರಗಿನಿಂದ ಬಂದಿದ್ದ ವಿಶೇಷ ತಂಡವೊಂದು ತನಿಖೆಗೆ ಇಳಿಯಿತು. ಬೀಗದ ಕೈಯ ಗುಟ್ಟು ಯಾರಿಗೆ ಗೊತ್ತಿತ್ತೆಂದು ಅವರು ಕೇಳಿದಾಗ, ಕ್ವಾರಿಯ ಗುಮಾಸ್ತ ಆವಲಪ್ಪನವರು ಕಡತ ಹುಡುಕಿ, ಮೂರು ವರ್ಷ ಜೋಪಾನವಾಗಿ ಇಟ್ಟಿದ್ದ ವೆಂಕಟರತ್ನಮ್ಮನವರ ಪತ್ರವನ್ನು ತೆಗೆದುಕೊಟ್ಟರು. ಪತ್ರದಲ್ಲಿ ಒಂದು ಹೆಸರಿತ್ತು. ಮಂಗಳವಾರ ಬೆಳಗ್ಗೆ ನಯಾಜ್ ಪಾಷನ ಮನೆಯ ಟ್ರಂಕಿನಲ್ಲಿ ಆ ಅಭ್ಯಾಸದ ಕಾಗದವೂ ಸಿಕ್ಕಿತು, ಹುಡುಗನನ್ನು ಠಾಣೆಗೆ ಕರೆದೊಯ್ದರು.

ವಿಷಯ ತಿಳಿಸಿದವರು ಸ್ಥಳೀಯ ಇನ್ಸ್‌ಪೆಕ್ಟರ್ ಹರಿಕೃಷ್ಣ, ಅವರ ಹಳೆಯ ವಿದ್ಯಾರ್ಥಿ. ಮಧ್ಯಾಹ್ನದ ತರಗತಿ ಬಿಟ್ಟು, ಸೀಮೆಸುಣ್ಣದ ಕೈಯಲ್ಲೇ ವೆಂಕಟರತ್ನಮ್ಮನವರು ಠಾಣೆಗೆ ಹೋದರು. ಬೆಂಚಿನ ಮೇಲೆ ನಯಾಜ್ ಕೂತಿದ್ದ. ಗೂಡು ಬೇಯಿಸುವ ನೀರಿನ ವಾಸನೆ ಇನ್ನೂ ಅಂಗಿಯಲ್ಲಿತ್ತು. "ನಿಮ್ ಪಾಠ ಅಂತ ಹೇಳ್ದೆ ಮೇಡಂ. ಯಾರೂ ನಂಬ್ಲಿಲ್ಲ" ಎಂದ.

ವಿಶೇಷ ತಂಡದ ಅಧಿಕಾರಿ ಕಾಗದವನ್ನು ಮೇಜಿನ ಮೇಲೆ ಹರಡಿದ್ದರು. "ನಾನು, ನಾನು ಅಂತ ಬರ್ದಿದಾನೆ ನೋಡಿ. ತಪ್ಪೊಪ್ಪಿಗೆ ಇದ್ದಂಗಿದೆ. ಕೆಂಪು ಇಂಕಿಂದು ಬೇರೆ ಕೈಬರಹ. ಇನ್ನೂ ವಿವರ ಬೇಕಂತೆ. ಇವನ ಹಿಂದೆ ದೊಡ್ಡೋರು ಯಾರೋ ಇದಾರೆ."

"ಇದಾರೆ. ನಾನೇ."

"ಈ ಹನ್ನೆರಡು ಅಂದ್ರೆ? ತಾರೀಖಾ, ಜನಾನಾ?"

"ಮಾರ್ಕ್ಸು ಕಣ್ರೀ. ತಡೆಯೋ ಭಾಗ ಅರ್ಧಕ್ಕೇ ನಿಲ್ಸಿದಾನೆ ಅಂತ ಎಂಟು ಕಳೆದಿದೀನಿ."

ಅಧಿಕಾರಿ ಅವರನ್ನೂ ಕಾಗದವನ್ನೂ ಮತ್ತೆ ಮತ್ತೆ ನೋಡಿದರು. "ಹುಡುಗರಿಗೆ ಇಂಥದ್ದನ್ನೆಲ್ಲ ಯಾಕಮ್ಮ ಕಲಿಸ್ತೀರಿ?"

"ದೊಡ್ಡೋರು ಕಲೀತಿಲ್ವಲ್ಲ, ಅದಕ್ಕೆ."

ಮಾತು ಚೆನ್ನಾಗಿತ್ತು, ಕೆಲಸ ಕೆಟ್ಟಿತು. ಅಧಿಕಾರಿಯ ಮುಖ ಗಂಟುಬಿತ್ತು. ಪೆಟ್ಟಿಗೆ ಎಲ್ಲಿದೆಯೆಂದು ಹುಡುಗ ಹೇಳುವವರೆಗೆ ಈ ಕಾಗದ ಅಭ್ಯಾಸವೋ ಸಂಚೋ ಎಂಬುದನ್ನು ತಾವು ತೀರ್ಮಾನಿಸುವುದಿಲ್ಲವೆಂದು ಅವರು ಎದ್ದುಬಿಟ್ಟರು. ಹರಿಕೃಷ್ಣ ಅಂಗಳದವರೆಗೆ ಬಂದರು. "ನಾಳೆ ಸಂಜೆವರೆಗೆ ಹೆಂಗೋ ತಡೀತೀನಿ ಮೇಡಂ. ಆಮೇಲೆ ದೊಡ್ಡ ಕೇಸು ಅಂತ ಬೆಂಗಳೂರಿಗೆ ಕರ್ಕೊಂಡೋಗ್ತಾರೆ. ಅಲ್ಲಿಗೆ ಹೋದ್ರೆ ವರ್ಷಗಟ್ಲೆ. ಪೆಟ್ಟಿಗೆ ಸಿಕ್ರೆ ಹುಡುಗ ಉಳೀತಾನೆ."

"ಪೆಟ್ಟಿಗೆ ತಗೊಂಡೋನು ಯಾರು ಅಂತ ಎಲ್ರೂ ಹುಡುಕ್ತಾ ಇದೀರಲ್ಲ, ಹೆಂಗೆ ಹೋಯ್ತು ಅಂತ ಒಬ್ಬರಾದ್ರೂ ಕೇಳಿದ್ರೇನಪ್ಪ?"

ಹರಿಕೃಷ್ಣ ತಲೆ ತಗ್ಗಿಸಿದರು. ಅವರಿಗೆ ಆ ವಿಷಯದಲ್ಲಿ ಎಪ್ಪತ್ತೊಂದು ಅಂಕ ಬಂದಿತ್ತು.

ಬುಧವಾರ ಬೆಳಗಿನ ಬಿಸಿಲೇರುವ ಮುಂಚೆ ಹರಿಕೃಷ್ಣರ ಜೀಪು ಕಳವಾರ ತಲುಪಿತು. ವೆಂಕಟರತ್ನಮ್ಮನವರು ಮೊದಲು ಚಪ್ಪಲಿ ಬಿಟ್ಟು ಗಂಗಮ್ಮನಿಗೆ ಅಡ್ಡಬಿದ್ದರು. ದೈವದ ಮುಂದೆ ಅವರಿಗೆ ಎಂದೂ ಬೇಸರವಿಲ್ಲ. ತಲೆಯೆತ್ತಿದರೆ ಅದೇ ಮೊಳೆ, ಅದಕ್ಕೆ ಎರಡೂ ಬೀಗದ ಕೈ, ಎರಡಕ್ಕೂ ಅರಿಶಿನ ಕುಂಕುಮ. ಪೆಟ್ಟಿಗೆ ಹೋದ ಮೇಲೂ ಅವು ಅಲ್ಲಿಂದ ಕದಲಿರಲಿಲ್ಲ.

"ಆವಲಪ್ಪನೋರೆ, ಇದೇನಿದು?"

"ನಿಯಮದ ಪ್ರಕಾರಾನೇ ಮೇಡಂ. ಇಬ್ಬರ ಹತ್ರ ಎರಡು ಕೈ. ಇಬ್ಬರೂ ಅಮ್ಮನ ಹತ್ರ ಇಟ್ಟಿದೀವಿ. ಅಮ್ಮನಿಗಿಂತ ಭದ್ರ ಯಾವುದಿದೆ ಹೇಳಿ."

"ಅಮ್ಮ ಲೋಕ ಕಾಯೋಳು. ಅವಳಿಗೆ ವಾಚ್‌ಮನ್ ಕೆಲಸ ಕೊಟ್ಟೋರು ಯಾರು?"

ಗುಡಿಗೆ ದೀಪ ಹಚ್ಚುವ ಮುದುಕಿ ಮುನಿಶಾಮಮ್ಮ ಬಾಗಿಲಲ್ಲಿ ಕೂತು ಬೇವಿನೆಲೆ ಆಯುತ್ತಿದ್ದಳು. ವೆಂಕಟರತ್ನಮ್ಮನವರು ಅವಳ ಪಕ್ಕದಲ್ಲಿ ನೆಲದ ಮೇಲೇ ಕೂತರು.

"ಬೀಗದ ಕೈ ಯಾರಿಗಾದ್ರೂ ಕೊಟ್ರೇನಮ್ಮ?"

"ನಾನೆಲ್ಲಿ ಕೊಡ್ಲಿ ತಾಯಿ. ಬೇಕಾದೋರು ಕೈ ಮುಗಿದು ತಗೊಂಡೋಗ್ತಾರೆ, ಕೈ ಮುಗಿದು ತಂದಿಡ್ತಾರೆ."

"ಕೈ ಮುಗೀದೇ ತಗೊಂಡೋದ್ರೆ?"

"ಏಂ ಮಾಟಮ್ಮಾ ಇದಿ, ಎಂಥಾ ಮಾತಮ್ಮ ಇದು. ಅಂಗೆ ಯಾರಾನ ಮಾಡ್ತಾರಾ?"

"ಸರಿ, ಹೋದ ವಾರ ಯಾರು ಕೈ ಮುಗಿದ್ರು?"

"ಶುಕ್ರವಾರ ಯಜಮಾನ್ರ ಬಾಮೈದ ಬಂದಿದ್ದ. ಕೆಂಚಾರ್ಲಹಳ್ಳಿ ಕೋನಪ್ಪ. ಬಾವಿ ತೋಡಿಸ್ತಾವನಂತೆ, ಬಂಡೆ ಅಡ್ಡ ಬಂದದಂತೆ. ನೀರು ಬೀಳ್ಲಿ ಅಂತ ತೆಂಗಿನಕಾಯಿ ಒಡೆಸ್ದ. ಅಮ್ಮನ ಬಲಗಡೆ ಹೂವು ಬಿತ್ತು. ಪೆಟ್ಟಿಗೆ ತಗೊಂಡು, ಕೈ ತಂದಿಟ್ಟು ಹೋದ."

ಆವಲಪ್ಪನವರ ಬಾಯಿ ತೆರೆದೇ ಇತ್ತು. ಶುಕ್ರವಾರ ಅವರು ನೆಂಟರ ಮದುವೆಗೆ ಹೋಗಿದ್ದರು.

"ಪೊಲೀಸ್ನೋರು ಬಂದಾಗ ಇದನ್ನ ಯಾಕಮ್ಮ ಹೇಳ್ಲಿಲ್ಲ?" ಎಂದರು ಹರಿಕೃಷ್ಣ.

"ನನ್ನ ಯಾರಪ್ಪ ಕೇಳಿದ್ರು? ಗುಡಿ ಹೊರಗೆ ಚಪ್ಪಲಿ ಕಾಯಕ್ಕೆ ಹೇಳಿದ್ರು. ಕಾಯ್ದೆ."

ಕೆಂಚಾರ್ಲಹಳ್ಳಿಯಲ್ಲಿ ಕೋನಪ್ಪ ಜೀಪು ಕಂಡು ಸಂತೋಷದಿಂದಲೇ ಎದುರು ಬಂದ. ಊರು ಕೇರಿಗಳೆಲ್ಲ ಹುಡುಕುತ್ತಿದ್ದ ಪೆಟ್ಟಿಗೆ ತನ್ನ ಮನೆಯಲ್ಲಿದೆಯೆಂಬುದು ಅವನಿಗೆ ತಿಳಿದಿತ್ತು, ಊರು ಕೇರಿಗಳು ಅದನ್ನು ಹುಡುಕುತ್ತಿವೆಯೆಂಬುದು ತಿಳಿದಿರಲಿಲ್ಲ. ಭಾವನದು ತಾನೆ, ಬಂಡೆ ಒಡೆದ ಮೇಲೆ ಉಳಿದದ್ದನ್ನು ತಂದಿಟ್ಟರಾಯಿತೆಂದು ಒಯ್ದಿದ್ದ. ಬಿಸಿಲಿಗೆ ಇಡಬಾರದೆಂದು ಯಾರೋ ಹೇಳಿದ್ದರಿಂದ, ಮನೆಯಲ್ಲೆಲ್ಲ ತಣ್ಣಗಿರುವ ಜಾಗವೆಂದು ರೇಷ್ಮೆಹುಳು ಸಾಕುವ ಕೋಣೆಯಲ್ಲಿ, ತಟ್ಟೆಗಳ ಅಡಿಗೆ ತಳ್ಳಿ ಮೇಲೆ ಹಿಪ್ಪುನೇರಳೆ ಸೊಪ್ಪು ಹೊದಿಸಿದ್ದ. ಗೋಡೆಯಾಚೆ ಅವನ ಮಕ್ಕಳು ಮಲಗುವ ಕೋಣೆ.

"ಎರಡು ದಿನದಿಂದ ಹುಳ ಎಲೆ ಮುಟ್ತಿಲ್ಲ ಮೇಡಂ. ನೀವು ಓದಿದೋರು. ಏನಾದ್ರೂ ರೋಗ ಇರಬೌದಾ?"

ವೆಂಕಟರತ್ನಮ್ಮನವರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. "ನಿನ್ ಹುಳಕ್ಕಿರೋ ಬುದ್ಧಿ ನಿನಗಿಲ್ವಲ್ಲೋ ಕೋನಪ್ಪ" ಎಂದಷ್ಟೇ ಅವರಿಗೆ ಹೇಳಲಾದದ್ದು.

ಪೆಟ್ಟಿಗೆ ಸಂಜೆಯೊಳಗೆ ಠಾಣೆ ತಲುಪಿತು. ನಯಾಜ್ ಮನೆಗೆ ಹೋದ. ವಿಶೇಷ ತಂಡ ಕಾಗದವನ್ನು ಮಾತ್ರ ಕಡತಕ್ಕೆಂದು ಇಟ್ಟುಕೊಂಡಿತು. ಎಲ್ಲರೂ ಮೇಡಮ್ಮನವರನ್ನು ಹೊಗಳಿದರು. ಅವರು ಮಾತ್ರ ಒಂದು ದಿನ ಸಿಬ್ಬಂದಿ ಕೊಠಡಿಯಲ್ಲಿ ಟೀ ಲೋಟ ಕೆಳಗಿಟ್ಟು ಹೇಳಿದರು: "ಪತ್ರ ಅಂಚೆಗೆ ಹಾಕಿದ ದಿನವೇ ನನ್ನ ಕೆಲಸ ಮುಗೀತು ಅಂದ್ಕೊಂಡೆ. ಮೂರು ವರ್ಷದಲ್ಲಿ ಒಂದ್ಸಲ ಹೋಗಿ ಆ ಮೊಳೆ ನೋಡ್ಲಿಲ್ಲ. ಬೇರೆಯೋರನ್ನ ಬೈಕೊಂಡು ಬಂದೆ. ಆ ಸಂದಿ ಬಿಟ್ಟೋಳು ನಾನೇ ಅಲ್ವಾ?"

ಬಿಡುಗಡೆಯಾದ ಮಾತ್ರಕ್ಕೆ ಎಲ್ಲವೂ ಹಿಂದಿನಂತೆ ಆಗಲಿಲ್ಲ. ನಯಾಜನಿಗೆ ಗೊತ್ತಾಗಿದ್ದ ಮದುವೆಯ ಸಂಬಂಧ ಮುರಿಯಿತು. ಬೀದಿಯವರು ಅವನ ಮನೆಯ ಮುಂದೆ ಹೆಜ್ಜೆ ಬಿರುಸು ಮಾಡಿ ದಾಟುತ್ತಿದ್ದರು. ಆಗ ವೆಂಕಟರತ್ನಮ್ಮನವರು ಒಂದು ವ್ರತ ಹಿಡಿದವರಂತೆ ಪ್ರತಿ ಶನಿವಾರ ಶಿಡ್ಲಘಟ್ಟದ ಬಸ್ಸು ಹತ್ತಿದರು. ಮನೆಯೊಳಗೆ ಕರೆದರೆ ಒಲ್ಲೆನೆಂದು, ಗೂಡಿನ ಮಾರುಕಟ್ಟೆಗೆ ಹೋಗುವ ಬರುವವರಿಗೆಲ್ಲ ಕಾಣುವ ಹಾಗೆ ಹೊಸ್ತಿಲಾಚೆ ಸ್ಟೂಲು ಹಾಕಿಸಿಕೊಂಡು ಕೂತು, ಒಂದು ಲೋಟ ಟೀಯನ್ನು ಒಂದು ಗಂಟೆ ಕುಡಿದರು. ಹೀಗೆ ಒಂದೂ ಶನಿವಾರ ತಪ್ಪದೆ ಏಳು ತಿಂಗಳು. ನಾಲ್ಕನೆಯ ತಿಂಗಳಲ್ಲಿ ಎದುರುಮನೆಯವರು ತಾವೇ ಟೀ ತಂದುಕೊಟ್ಟರು. ಒಂದು ಶನಿವಾರ, ಆ ಅಭ್ಯಾಸವನ್ನು ಪೂರ್ತಿ ಮಾಡಿಬಿಡಪ್ಪ ಎಂದು ಅವರು ಕೇಳಿದಾಗ ನಯಾಜ್ ನೂಲಿನ ರಾಟೆ ನಿಲ್ಲಿಸಿದ. "ಬರೀತೀನಿ ಮೇಡಂ. ಆದ್ರೆ ಈ ಸಲ ನಾನು ಅಂತ ಬರೆಯಲ್ಲ" ಎಂದ. ಅಂದಿನಿಂದ ಅವರು ತರಗತಿಯಲ್ಲಿ ಆ ನಿಯಮವನ್ನು ಬಿಟ್ಟರು. ಈಗ ವಿದ್ಯಾರ್ಥಿಗಳು ಬಲಭಾಗವನ್ನು ಮೊದಲು ಬರೆಯುತ್ತಾರೆ, ಪ್ರತಿ ಹಾಳೆಯ ಮೇಲೂ ಕಾಲೇಜಿನ ಮೊಹರಿರುತ್ತದೆ.

ನಯಾಜ್ ಬರೆದುಕೊಟ್ಟ ನಾಲ್ಕನೆಯ ಉಪಾಯ ಒಂದೇ ಸಾಲಿನದು: ಒಂದು ಬೀಗದ ಕೈ ಮುನಿಶಾಮಮ್ಮನ ಸೆರಗಿನ ತುದಿಯಲ್ಲಿರಲಿ, ಅವಳ ಹೆಸರು ಕಾಗದದ ಮೇಲೂ ಇರಲಿ. ಈ ಸಲ ವೆಂಕಟರತ್ನಮ್ಮನವರು ಪತ್ರ ಬರೆಯಲಿಲ್ಲ. ತಾವೇ ಹೋಗಿ ಕ್ವಾರಿಯ ಯಜಮಾನರ ಎದುರು ಕೂತರು. ಮುದುಕಿಗೆ ಕ್ವಾರಿಯಲ್ಲಿ ಕೆಲಸದ ಚೀಟಿಯಾಯಿತು. ಇನ್ನೊಂದು ಕೈ ಆವಲಪ್ಪನವರ ಉಡಿದಾರ ಸೇರಿತು. ಗಂಗಮ್ಮನ ಪಕ್ಕದ ಮೊಳೆಗೆ ಈಗ ಬರೀ ಹೂವಿನ ಹಾರ.

ಹೋದ ವಾರ, ನಿವೃತ್ತಿಯ ಸಿದ್ಧತೆಗಳ ನಡುವೆ ಅವರು ಯಾರಿಗೂ ಹೇಳದೆ ಕಳವಾರಕ್ಕೆ ಹೋಗಿದ್ದರು. ದೇವಿಗೆ ಕೈ ಮುಗಿದು, ಕಾಯಿ ಒಡೆಸಿ, ಮುನಿಶಾಮಮ್ಮನ ಬಳಿ ಸಲುಗೆಯಿಂದ, "ಆ ಬೀಗದ ಕೈ ಒಂದು ಗಳಿಗೆ ಕೊಡಮ್ಮ, ನೋಡಿ ಕೊಡ್ತೀನಿ" ಎಂದರು.

"ಕೊಡಲ್ಲಮ್ಮ."

"ನಾನು ಕಣಮ್ಮ. ನಿನಗೆ ಈ ಕೆಲಸ ಕೊಡಿಸಿದೋಳು."

"ಗೊತ್ತು. ಆವಲಪ್ಪ ಬರ್ಲಿ, ಅವನ ಕೈಯೂ ಬರ್ಲಿ, ಆಮೇಲೆ ಮಾತು. ಅಮ್ಮನೇ ಎದ್ದು ಬಂದು ಕೇಳಿದ್ರೂ ಅಷ್ಟೇ."

ನಾಲ್ಕು ಊರುಗಳಲ್ಲಿ ಮೂವತ್ತು ವರ್ಷ ಹೇಳಿದ್ದು ಒಬ್ಬರಿಗಾದರೂ ನಾಟಿತಲ್ಲ ಎಂದು ವೆಂಕಟರತ್ನಮ್ಮನವರು ಗುಡಿಯ ಮೆಟ್ಟಿಲ ಮೇಲೆ ಕೂತು ಕಣ್ಣೊರೆಸಿಕೊಂಡರಂತೆ. ಆವತ್ತು ಒರೆಸಿದ್ದು ಕನ್ನಡಕವನ್ನಲ್ಲವೆಂದು ಮುನಿಶಾಮಮ್ಮನೇ ಹೇಳಿದ್ದು. ಹಾರ, ಶಾಲು, ಫಲತಾಂಬೂಲಗಳು ಇದ್ದೇ ಇವೆ, ಅವುಗಳನ್ನು ಅವರು ದಯವಿಟ್ಟು ಸ್ವೀಕರಿಸಬೇಕು. ಆದರೆ ಅವರಿಗೆ ಸಲ್ಲಬೇಕಾದ ನಿಜವಾದ ಸನ್ಮಾನ ಆ ಗುಡಿಬಾಗಿಲಲ್ಲಿ ಆಗಲೇ ಸಂದುಹೋಗಿದೆ. ಗಂಗಮ್ಮತಾಯಿ ಅವರಿಗೆ ನೂರು ವರ್ಷದ ಆಯಸ್ಸನ್ನೂ, ಬಸ್ಸು ಹತ್ತುವ ಮೊಣಕಾಲನ್ನೂ, ಈ ಬೇಸರವನ್ನೂ ಕಡಿಮೆಯಾಗದಂತೆ ಕೊಡಲಿ. ಇನ್ನು ಮುಂದೆ ಅವರು ಹೋಗಿ ತಟ್ಟಿದ ಪ್ರತಿ ಬಾಗಿಲಲ್ಲೂ, ಒಳಗಿದ್ದವರು ಅವರನ್ನು ಚೆನ್ನಾಗಿ ಬಲ್ಲವರಾದರೂ, "ಕೊಡಲ್ಲಮ್ಮ" ಎಂದೇ ಹೇಳುವಂತಾಗಲಿ.